ಮನೆಯವರು ಎಷ್ಟು ಜನ?

ಅತ್ತಿಗೆ,

'ಪ್ರೀತಿಯ ಅತ್ತಿಗೆ' ಎಂದು ಶುರು ಮಾಡೋಣವೆಂದುಕೊಂಡೆ, ಕೈ ಏಳಲಿಲ್ಲ. ನಮ್ಮಿಬ್ಬರ ನಡುವೆ ಆ ಪದ ಯಾವತ್ತೂ ಬಳಕೆಯಲ್ಲಿರಲಿಲ್ಲ. ಬೈಗುಳವಾದರೆ ಬೇಕಾದಷ್ಟು ಓಡಾಡಿದೆ. ಆದ್ದರಿಂದ ಬರೀ ಅತ್ತಿಗೆ.

ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಒಳಗೆ ಡಾಕ್ಟರು ಯಾರದೋ ದವಡೆ ಹಲ್ಲು ಕೊರೆಯುತ್ತಿದ್ದಾರೆ. ಹೊರಗೆ ಇಬ್ಬರು ಕೆನ್ನೆ ಹಿಡಿದುಕೊಂಡು ಸರದಿ ಕಾಯುತ್ತಿದ್ದಾರೆ. ಹಲ್ಲುನೋವಿನವರು ಮಾತಿಗೆಳೆಯುವುದಿಲ್ಲ, ಈ ಕೆಲಸದಲ್ಲಿ ಅದೊಂದು ಸುಖ. ಮನೆಯಲ್ಲಿ ನಿಮ್ಮ ಜೊತೆ ಪಕ್ಕದ ಮನೆಯ ಟೀಚರಮ್ಮ ಇದ್ದಾರೆ. ನಾನು ಬರುವ ತನಕ ಇರುತ್ತಾರೆ.

ಈ ಕಾಗದವನ್ನು ನೀವು ಓದುವುದಿಲ್ಲ. ಕೈಗೆ ಕೊಟ್ಟರೆ ಎರಡು ಸಾಲಿನ ಮೇಲೆ ಕಣ್ಣಾಡಿಸಿ, ಅಂಚಿಗೆ ಅಂಚು ಕೂಡಿಸಿ, ಅಚ್ಚುಕಟ್ಟಾಗಿ ಮಡಿಸಿ, ಬಟ್ಟೆ ಕಪಾಟಿನಲ್ಲಿ ಇಟ್ಟುಬಿಡುತ್ತೀರಿ. ಎದುರಿಗೆ ಕೂತು ಹೇಳೋಣವೆಂದರೆ, ಯಾರೋ ಗೊತ್ತಿಲ್ಲದ ಹೆಂಗಸು ಮೂಗು ಒರೆಸಿಕೊಳ್ಳುತ್ತಾ ಏನೇನೋ ಹೇಳುತ್ತಿದ್ದಾಳೆಂದು ಗಾಬರಿಯಾಗುತ್ತೀರಿ. ಹೇಳದೇ ಇದ್ದರೆ ನನಗೆ ಉಸಿರು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಮನೆಯ ವಿಮೆಯ ಪಾಲಿಸಿ ನವೀಕರಿಸಲು ಹೊಸ ಏಜೆಂಟಮ್ಮ ಬಂದಿದ್ದರು. ಮನೆಯವರು ಎಷ್ಟು ಜನ ಎಂದು ಕೇಳಿದರು. ನೀವು ನನ್ನ ಕಡೆ ಕೈ ತೋರಿಸಿ, ಇವರು ಈ ಮನೆಯವರಲ್ಲ, ಬಂದು ಹೋಗೋರು ಎಂದಿರಿ. ಆ ಮಾತನ್ನು ಆಡಿಸಿದ್ದು ನಿಮ್ಮ ಕಾಯಿಲೆ, ಅಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೂ ಈ ಲೋಕದಲ್ಲಿ ಯಾರು ಬೇಕಾದರೂ ನನ್ನನ್ನು ಹಾಗೆ ಅನ್ನಬಹುದಿತ್ತು, ನೀವೊಬ್ಬರನ್ನು ಬಿಟ್ಟು. ಯಾಕೆಂದು ನಿಮಗೆ ನೆನಪಿಲ್ಲ. ನನಗಿದೆ, ಮೊದಲಿಂದ ಹೇಳುತ್ತೇನೆ.

ಗಂಡನ ಮನೆ ಬಿಟ್ಟು ನಾನು ಬಂದ ದಿನ ಅಣ್ಣ ಹಿತ್ತಲಿನ ಶೆಡ್ಡಿನಲ್ಲಿ ಯಾರದೋ ರೇಡಿಯೋ ಬಿಚ್ಚಿ ಹರಡಿಕೊಂಡು ಕೂತಿದ್ದ. ತಲೆಯೆತ್ತಿ ನೋಡಿ 'ಬಂದ್ಯಾ, ಬಾ' ಅಂದ. ಅಷ್ಟೇ, ಒಂದು ಪ್ರಶ್ನೆ ಕೇಳಲಿಲ್ಲ. ಸಂಜೆ ನೀವು ಆಸ್ಪತ್ರೆಯ ಲಾಂಡ್ರಿಯಿಂದ ಬಂದಿರಿ, ಕೈಯೆಲ್ಲ ಸೋಪಿನ ವಾಸನೆ. ನನ್ನ ಸೂಟ್‌ಕೇಸನ್ನು ಮೇಲಿಂದ ಕೆಳಗೆ ನೋಡಿ, 'ಇಷ್ಟೇನಾ?' ಎಂದು ಕೇಳಿದಿರಿ. ನನಗೆ ಮೈ ಉರಿದುಹೋಯಿತು. ಏನೂ ತರದೆ ಬಂದಳು ಎಂಬ ಕೊಂಕು ಅದು ಎಂದುಕೊಂಡೆ. ಅಷ್ಟು ವರ್ಷ ದುಡಿದ ಹೆಣ್ಣಿಗೆ ಅಲ್ಲಿ ಇಷ್ಟೇ ಸೇರಿದ್ದಾ ಎಂಬ ಸಂಕಟ ನಿಮ್ಮ ಮಾತಿನಲ್ಲಿತ್ತೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ನಿಮ್ಮ ದನಿಯೇ ಹಾಗೆ ಅತ್ತಿಗೆ, ಅಯ್ಯೋ ಪಾಪ ಎಂದರೂ ಗದರಿಸಿದಂತೆ ಕೇಳುತ್ತಿತ್ತು.

ಮೊದಲ ವಾರದಲ್ಲೇ ನೀವು ನನ್ನ ಟವೆಲ್ಲಿನ ಮೂಲೆಗೆ ಹಸಿರು ದಾರದ ಗುರುತು ಹಾಕಿದಿರಿ. ಆಸ್ಪತ್ರೆಯಲ್ಲಿ ವಾರ್ಡಿಗೊಂದು ಬಣ್ಣದ ದಾರ, ಯಾವ ಹೊದಿಕೆ ಎಲ್ಲಿಗೆ ವಾಪಸು ಹೋಗಬೇಕೆಂದು ಅದನ್ನು ನೋಡಿಯೇ ಹೇಳುತ್ತಿದ್ದಿರಂತೆ. ಆ ಚಟ ಮನೆಗೂ ಬಂದಿತ್ತು. ಅಣ್ಣನ ಬಟ್ಟೆಗೆ ನೀಲಿ, ನಿಮ್ಮದಕ್ಕೆ ಕೆಂಪು. ನನ್ನದಕ್ಕೆ ಹಸಿರು ಕಂಡಾಗ, ನಾನು ಮುಟ್ಟಿದ ಬಟ್ಟೆ ಕೂಡ ಬೇರೆ ಮಾಡಿಟ್ಟರಲ್ಲ ಎಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವತ್ತಿಂದ ನಾನು ಈ ಮನೆಗೆ ಬಂದು ಹೋಗುವವಳು ಎಂದು ನನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟೆ. ಬಟ್ಟೆಗಳನ್ನು ಕಪಾಟಿಗೆ ಹಾಕಲಿಲ್ಲ. ಸೂಟ್‌ಕೇಸಿನಲ್ಲೇ ಇಟ್ಟು, ಬೇಕಾದ್ದನ್ನು ತೆಗೆದುಕೊಂಡು, ಮತ್ತೆ ಮುಚ್ಚಿ ಮಂಚದ ಕೆಳಗೆ ತಳ್ಳುತ್ತಿದ್ದೆ. ಕೇಳಿದವರಿಗೆಲ್ಲ 'ಒಂದು ದಾರಿ ಆಗೋ ತನಕ ಇದ್ದೀನಿ ಅಷ್ಟೇ' ಅನ್ನುತ್ತಿದ್ದೆ. ನೀವು ಕೇಳಿಸಿಕೊಳ್ಳುತ್ತಿದ್ದಿರಿ, ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಮನೆಯ ಪಾಲಿಸಿ ಆಗಲೂ ನಿಮ್ಮ ಖಾತೆಯ ಕೆಲಸವೇ. ಅಣ್ಣನಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ಒಂದು ಸಲ ನಾನು ಕೇಳಿದ್ದಕ್ಕೆ ನೀವು ಹೇಳಿಕೊಟ್ಟಿರಿ. ಮನೆಯನ್ನು ಎತ್ತಿ ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಏನೇನು ಬೀಳುತ್ತದೋ ಅದೆಲ್ಲ ಸಾಮಾನಿನ ಲೆಕ್ಕ, ಬೀಳದೆ ಅಂಟಿಕೊಂಡಿರುವ ಗೋಡೆ, ಚಾವಣಿ, ಬಾಗಿಲು, ಗೋಡೆ ಕಪಾಟು ಕಟ್ಟಡದ ಲೆಕ್ಕ. ಎರಡಕ್ಕೂ ಬೇರೆ ಬೇರೆ ರಕ್ಷಣೆ. ಮನೆಗೆ ಅಂಟದೆ ದೂರ ನಿಂತಿರುವ ಶೆಡ್ಡು, ಕಾಂಪೌಂಡು ಗೋಡೆ ಮೂರನೆಯ ಲೆಕ್ಕ. ಹಾಗಾದರೆ ನಾನು ಬೀಳುವ ಸಾಮಾನು ಎಂದೆ. ಎಲ್ಲಾ ಮಾತನ್ನೂ ನನ್ನ ಮೇಲೇ ಎಳೆದುಕೊಳ್ಳುವ ಬುದ್ಧಿ ನನಗೆ. ನೀವು ಬಾಯಿ ಮುಚ್ಚಿಕೊಂಡು ಅಕ್ಕಿ ಆರಿಸು ಎಂದಿರಿ.

ಆ ಶೆಡ್ಡಿನ ಕತೆ ನೆನೆದರೆ ಈಗಲೂ ನಗು ಬರುತ್ತದೆ. ಆಗಿನ ಏಜೆಂಟು ಸುಮ್ಮನೆ ಶೆಡ್ಡು ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದ. ನೀವು ತಡೆದು, ಅಲ್ಲಿ ನಮ್ಮ ಯಜಮಾನರು ಗಿರಾಕಿಗಳ ರೇಡಿಯೋ ರಿಪೇರಿ ಮಾಡುತ್ತಾರೆ ಎಂದಿರಿ. ವ್ಯಾಪಾರ ನಡೆಯುವ ಶೆಡ್ಡಿಗೆ ಮನೆ ಪಾಲಿಸಿಯಲ್ಲಿ ಜಾಗವಿಲ್ಲ ಎಂದು ಅವನು ಅದನ್ನು ಹೊಡೆದುಹಾಕಿದ. ಅಣ್ಣ ಹಣೆ ಚಚ್ಚಿಕೊಂಡ. ಸತ್ಯಹರಿಶ್ಚಂದ್ರನ ತುಂಡನ್ನು ಕಟ್ಟಿಕೊಂಡಿದ್ದೇನೆ ಎಂದು ವಾರಗಟ್ಟಲೆ ರೇಗಿಸಿದ. ನೀವು ಜಗ್ಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬೇಕು, ಇಲ್ಲದಿದ್ದರೆ ಯಾವ ಬಟ್ಟೆ ಯಾವ ವಾರ್ಡಿಗೆ ಹೋಗುತ್ತದೋ ಯಾರಿಗೆ ಗೊತ್ತು ಎಂದುಬಿಟ್ಟಿರಿ. ನಮಗಿಬ್ಬರಿಗೂ ತಲೆಬುಡ ತಿಳಿಯಲಿಲ್ಲ, ಆದರೆ ಎದುರು ಮಾತಾಡುವ ಧೈರ್ಯವೂ ಇರಲಿಲ್ಲ.

ಆಮೇಲೆ ಅಣ್ಣ ಹೋದ. ಬೆಳಿಗ್ಗೆ ಎದೆ ಹಿಡಿದುಕೊಂಡವನು ಮಧ್ಯಾಹ್ನಕ್ಕೆ ಇರಲಿಲ್ಲ. ಶೆಡ್ಡಿನಲ್ಲಿ ಬಿಚ್ಚಿಟ್ಟಿದ್ದ ರೇಡಿಯೋಗಳನ್ನು ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಹಾಗೆಯೇ ಒಯ್ದರು. ನೀವು ಅವನ ನೀಲಿ ದಾರದ ಬಟ್ಟೆಗಳನ್ನೆಲ್ಲ ಒಗೆದು, ಇಸ್ತ್ರಿ ಹಾಕಿ, ಕಪಾಟಿನಲ್ಲಿ ಅದೇ ಜಾಗದಲ್ಲಿ ಇಟ್ಟಿರಿ. ನಿಮ್ಮ ಕಣ್ಣಲ್ಲಿ ಒಂದು ಹನಿ ನಾನು ಕಾಣಲಿಲ್ಲ. ಕಲ್ಲೆದೆಯವರು ಎಂದುಕೊಂಡೆ. ಅಣ್ಣನಿಲ್ಲದ ಮೇಲೆ ಅಣ್ಣನ ಹೆಂಡತಿಯ ಮನೆಯಲ್ಲಿ ನನ್ನದೇನು ಎಂದು ಬೇರೆ ರೂಮು ಹುಡುಕಲು ಶುರುಮಾಡಿದೆ. ಕ್ಲಿನಿಕ್ಕಿನ ಹತ್ತಿರ ಒಂದು ನೋಡಿಯೂ ಬಂದೆ. ನಿಮಗೆ ಹೇಳಿದಾಗ ನೀವು ಬಟ್ಟೆ ಉಜ್ಜುತ್ತಿದ್ದಿರಿ, ಉಜ್ಜುವುದನ್ನು ನಿಲ್ಲಿಸಲಿಲ್ಲ.

ನಾನು ಬಿದ್ದದ್ದು ಆಗಲೇ. ಹಿತ್ತಲಿನ ಮೆಟ್ಟಿಲನ್ನು ಅಣ್ಣ ತಾನೇ ಕಟ್ಟಿದ್ದ. ರೇಡಿಯೋ ರಿಪೇರಿಯವನು ಗಾರೆ ಕೆಲಸಕ್ಕೆ ಕೈ ಹಾಕಿದರೆ ಇನ್ನೇನಾಗುತ್ತದೆ, ಕಲ್ಲು ಕೊನೆತನಕ ಅಲ್ಲಾಡುತ್ತಲೇ ಇತ್ತು. ಬಟ್ಟೆ ಒಣಗಿಸಲು ಬಕೆಟ್ಟು ಹಿಡಿದು ಇಳಿಯುತ್ತಿದ್ದವಳು ಕಲ್ಲಿನ ಸಮೇತ ಜಾರಿದೆ, ಸೊಂಟದ ಮೂಳೆ ಮುರಿಯಿತು. ಡಾಕ್ಟರು ಎರಡು ದಾರಿ ಹೇಳಿದರು. ದೊಡ್ಡ ಆಸ್ಪತ್ರೆಯಲ್ಲಿ ಹೊಸ ಕೀಲು ಕೂರಿಸುವ ಆಪರೇಷನ್ನು ಮಾಡಿಸಿದರೆ ಮೊದಲಿನಂತೆ ನಡೆಯಬಹುದು. ಇಲ್ಲದಿದ್ದರೆ ಸರಳು ಹಾಕಿ ಮೂಳೆ ಕೂಡಿಸುತ್ತಾರೆ, ಕಾಲು ಸ್ವಲ್ಪ ಗಿಡ್ಡವಾಗಬಹುದು. ಮೊದಲನೆಯದು ನಮ್ಮಿಬ್ಬರ ಸಂಬಳಕ್ಕೆ ಎಟುಕುವಂತಿರಲಿಲ್ಲ. ನಿಮಗೆ ಪಾಲಿಸಿ ನೆನಪಾಯಿತು. ಮನೆಯ ಮೆಟ್ಟಿಲಿನಿಂದ ಬಿದ್ದದ್ದಲ್ಲವೇ ಎಂದು ನೀವೇ ಕಂಪನಿಗೆ ಫೋನು ಮಾಡಿ ಹೇಳಿದಿರಿ.

ಸರ್ವೇಯರು ಬಂದರು. ಹಾನಿಯ ಲೆಕ್ಕ ನೋಡಲು ಕಂಪನಿ ಕಳಿಸಿದ್ದವರು, ಒಳ್ಳೆಯ ಮನುಷ್ಯ, ನಿಧಾನದ ಮಾತು. ನಾನು ಒಳಗಿನ ರೂಮಿನಲ್ಲಿ ಮಲಗಿದ್ದೆ, ಬಾಗಿಲು ತೆರೆದಿತ್ತು. ಅವರು ನಿಮಗೆ ಬಿಡಿಸಿ ಹೇಳಿದರು. ಮೆಟ್ಟಿಲು ಹಳೆಯದಾಗಿ ಸಡಿಲವಾದದ್ದು, ಅದನ್ನು ಸರಿ ಮಾಡಿಸುವ ಖರ್ಚು ಬರುವುದಿಲ್ಲ. ಆದರೆ ಪಾಲಿಸಿಯಲ್ಲಿ ಇನ್ನೆರಡು ಭಾಗಗಳಿವೆ. ನಿಮ್ಮ ಮನೆಯ ತಪ್ಪಿನಿಂದ ಹೊರಗಿನವರಿಗೆ ಏಟಾಗಿ ಅವರು ನಿಮ್ಮ ಮೇಲೆ ಕೇಸು ಹಾಕಿದರೆ ಕಂಪನಿ ಆ ಹೊಣೆ ಹೊರುತ್ತದೆ. ಕೇಸು ಗೀಸು ಏನೂ ಇಲ್ಲದೆ, ತಪ್ಪು ಯಾರದೆಂದೂ ಕೇಳದೆ, ಮನೆಗೆ ಬಂದವರ ಚಿಕಿತ್ಸೆಗೆ ಒಂದು ಮಿತಿಯವರೆಗೆ ಕೊಡುವುದು ಇನ್ನೊಂದು. ಎರಡೂ ಹೊರಗಿನವರಿಗೆ ಮಾತ್ರ. ಮನೆಯವರೇ ಬಿದ್ದರೆ ಇಲ್ಲ. ಇಷ್ಟು ಹೇಳಿ, ಸ್ವಲ್ಪ ಬಗ್ಗಿ, ಪೆನ್ನಿನ ಮುಚ್ಚಳ ತೆಗೆದು, 'ನೋಡಿ ಅಮ್ಮ, ಒಂದೇ ಪ್ರಶ್ನೆ. ಇವರು ಇಲ್ಲೇ ಇರೋರೋ, ಬಂದು ಹೋಗೋರೋ? ಯೋಚನೆ ಮಾಡಿ ಹೇಳಿ, ನನಗೇನೂ ಅವಸರ ಇಲ್ಲ' ಎಂದರು. ಇದಕ್ಕಿಂತ ಸ್ಪಷ್ಟವಾಗಿ ದಾರಿ ತೋರಿಸುವುದು ಹೇಗೆ?

ನನಗೆ ತಡೆಯಲಾಗಲಿಲ್ಲ. ಮಲಗಿದಲ್ಲಿಂದಲೇ ಕೂಗಿ ಹೇಳಿದೆ, 'ನಾನು ಬಂದು ಹೋಗೋಳು ಸಾರ್. ನನ್ನ ಸೂಟ್‌ಕೇಸು ಮಂಚದ ಕೆಳಗೇ ಇದೆ, ಬೇಕಾದ್ರೆ ಬಂದು ನೋಡ್ಕೊಳ್ಳಿ.' ಅದು ಸುಳ್ಳೆಂದು ನನಗೆ ಅನ್ನಿಸಲೂ ಇಲ್ಲ. ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತಲ್ಲವೇ.

ನೀವು ಎದ್ದು ಹಿತ್ತಲಿಗೆ ಹೋದಿರಿ. ಹಗ್ಗದ ಮೇಲಿಂದ ನನ್ನ ಟವೆಲ್ಲು ತಂದು ಆ ಮನುಷ್ಯನ ಮುಂದೆ ಮೇಜಿನ ಮೇಲೆ ಹಾಸಿದಿರಿ. 'ಈ ದಾರ ನೋಡಿ. ನೆಂಟರ ಟವೆಲ್ಲಿಗೆ ನಾನು ದಾರ ಹಾಕಲ್ಲ. ಅವಳು ಈ ಮನೆಯವಳು. ಹಾಗೇ ಬರ್ಕೊಳ್ಳಿ.'

ಅವರು ನಿಮ್ಮನ್ನೊಮ್ಮೆ, ಟವೆಲ್ಲನ್ನೊಮ್ಮೆ ನೋಡಿದರು. ನಿಟ್ಟುಸಿರು ಬಿಟ್ಟು ಬರೆದುಕೊಂಡರು. ನನ್ನ ಕಾಲು ಅಲ್ಲಿಗೆ ಮುಗಿಯಿತು. ಸರಳು ಹಾಕಿದರು, ಮೂಳೆ ಕೂಡಿಕೊಂಡಿತು, ಕಾಲು ಗಿಡ್ಡವಾಯಿತು. ನಾನು ಇವತ್ತಿಗೂ ಒಂದು ಕಡೆ ವಾಲಿಕೊಂಡು ನಡೆಯುತ್ತೇನೆ.

ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದು ಈಗ ಹೇಳಿದರೆ ನಿಮಗೆ ಬೇಜಾರಾಗುವುದಿಲ್ಲ, ಅದಕ್ಕೇ ಹೇಳುತ್ತೇನೆ. ಹಲ್ಲು ಕಡಿದುಕೊಂಡು ಮಲಗಿರುತ್ತಿದ್ದೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಈ ಹೆಂಗಸಿನ ಗಂಟೇನು ಹೋಗುತ್ತಿತ್ತು ಎಂದು. ನಿಮ್ಮ ಜೊತೆ ಮಾತು ಬಿಟ್ಟೆ. ಬಾಯಾರಿದರೆ ಗೋಡೆ ನೋಡಿಕೊಂಡು, ಯಾರಾದರೂ ನೀರು ಕೊಟ್ಟಿದ್ದರೆ ಕುಡಿಯಬಹುದಿತ್ತು ಅನ್ನುತ್ತಿದ್ದೆ. ನೀವೂ ಗೋಡೆ ನೋಡಿಕೊಂಡು, ಯಾರಾದರೂ ಬಾಯಿ ಬಿಟ್ಟು ಕೇಳಿದ್ದರೆ ಕೊಡಬಹುದಿತ್ತು ಅನ್ನುತ್ತಿದ್ದಿರಿ. ಅನ್ನುತ್ತಾ ನೀರು ತಂದಿಡುತ್ತಿದ್ದಿರಿ. ಬೆಳಿಗ್ಗೆ ಎದ್ದು ನನ್ನ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಲಾಂಡ್ರಿಗೆ ಹೋಗುತ್ತಿದ್ದಿರಿ. ನನಗೆ ವ್ಯಾಯಾಮ ಮಾಡಿಸುವವರನ್ನು ಗೊತ್ತು ಮಾಡಿ, ಅದಕ್ಕಾಗಿ ರಜೆಯ ದಿನವೂ ಡ್ಯೂಟಿ ಹಾಕಿಸಿಕೊಂಡಿರಿ. ಅದನ್ನೆಲ್ಲ ನೋಡುತ್ತಿದ್ದೆ, ನೋಡಿಯೂ ಮುಖ ತಿರುಗಿಸಿಕೊಂಡಿರುತ್ತಿದ್ದೆ. ನೋಡಿಟ್ಟಿದ್ದ ರೂಮು ಬೇರೆಯವರ ಪಾಲಾಯಿತು. ವಾಲಿಕೊಂಡು ನಡೆಯುವವಳಿಗೆ ಮಹಡಿಯ ರೂಮು ಹೇಗೂ ಆಗುತ್ತಿರಲಿಲ್ಲ ಅನ್ನಿ.

ನಮ್ಮ ಮಾತು ಮತ್ತೆ ಶುರುವಾದದ್ದು ಲಾಡ್ಜಿನಲ್ಲಿ. ಅದು ನಿಮಗೆ ಒಂದು ಚೂರಾದರೂ ಉಳಿದಿರಬಹುದೇ ಎಂದು ಆಗಾಗ ಕೆಣಕಿ ನೋಡುತ್ತೇನೆ, ಟೈರಿನ ವಾಸನೆ ಎಂದರೆ ಮಾತ್ರ ಮೂಗು ಸಿಂಡರಿಸುತ್ತೀರಿ. ಚಾವಣಿಯೊಳಗಿನ ನೀರಿನ ಪೈಪು ಒಡೆದು ನಡುಮನೆಯ ಗಾರೆಯೆಲ್ಲ ಕಳಚಿ ಬಿದ್ದಿತ್ತು. ಅದೇ ಸರ್ವೇಯರು ಬಂದರು. ನಿಧಾನಕ್ಕೆ ಸೋರಿ ಸೋರಿ ಹಾಳಾದದ್ದೋ, ಒಮ್ಮೆಲೇ ಒಡೆದದ್ದೋ ಎಂದು ಕೇಳಿದರು. ಒಮ್ಮೆಲೇ ಎಂದಿರಿ. ಅವರು ಮರುಮಾತಿಲ್ಲದೆ ಬರೆದುಕೊಂಡರು, ಈ ಮನೆಯಲ್ಲಿ ಎರಡನೇ ಸಲ ಕೇಳುವ ಅಗತ್ಯವಿಲ್ಲ ಎಂದು ನಕ್ಕರು. ರಿಪೇರಿಯಾಗುವ ತನಕ ಮನೆಯವರು ಬೇರೆ ಕಡೆ ಇರುವ ಖರ್ಚು ಕೊಡುವ ಭಾಗವೂ ಪಾಲಿಸಿಯಲ್ಲಿತ್ತು. ಮನೆಯವರು ಇಬ್ಬರು ಎಂದು ಅವರ ಹತ್ತಿರ ದಾಖಲಾಗಿತ್ತಲ್ಲ, ಇಬ್ಬರಿಗೂ ಸಿಕ್ಕಿತು. ಟೈರಿನಂಗಡಿಯ ಮೇಲಿನ ಲಾಡ್ಜು, ಒಂದು ರೂಮು, ಎರಡು ಮಂಚ, ಒಂದು ಕಿಟಕಿ. ಚಾವಿ ತಿರುಗಿಸುತ್ತಾ ನೀವು, ನೆಂಟಳಾಗಿದ್ದಿದ್ದರೆ ಇವತ್ತು ಬಸ್‌ಸ್ಟಾಂಡಿನಲ್ಲಿ ಮಲಗಬೇಕಿತ್ತು ನೋಡು ಎಂದಿರಿ. ನಗಬಾರದೆಂದು ತುಟಿ ಕಚ್ಚಿಕೊಂಡೆ, ಆಗಲಿಲ್ಲ. ಅಷ್ಟು ದಿನ ಕಟ್ಟಿಕೊಂಡಿದ್ದ ಬಿಗುಮಾನವೆಲ್ಲ ಬಾಗಿಲಲ್ಲೇ ಬಿದ್ದುಹೋಯಿತು.

ಅಲ್ಲಿ ಮಾಡಲು ನಿಮಗೆ ಏನೂ ಕೆಲಸವಿರಲಿಲ್ಲ, ಲಾಡ್ಜಿನವರ ಹೊದಿಕೆಗಳನ್ನು ಮತ್ತೆ ಮತ್ತೆ ಮಡಿಸುತ್ತಿದ್ದಿರಿ. ಹಾಗೆ ಮಡಿಸುತ್ತಾ ಇದ್ದಾಗಲೇ ಕೇಳಿದೆ. ಅವತ್ತು ಯಾಕೆ ಹಾಗೆ ಹೇಳಿದಿರಿ, ಅಷ್ಟೊಂದು ಸತ್ಯ ಬೇಕಿತ್ತಾ ಎಂದು. ನೀವು ಮಡಿಕೆಯ ಮೇಲೆ ಕೈ ಒತ್ತಿ, 'ಸತ್ಯಕ್ಕೇನೂ ಅಲ್ಲ ಕಣೇ. ಬಂದು ಹೋಗೋಳು ಅಂತ ನಾನೇ ಬಾಯಲ್ಲಿ ಹೇಳಿದ್ರೆ ನೀನು ಅದನ್ನೇ ಹಿಡ್ಕೊಂಡು ಹೊರಟುಬಿಡ್ತಿದ್ದೆ. ನಿನಗೊಂದು ನೆಪ ಬೇಕಿತ್ತು. ನಾನು ಕೊಡಲಿಲ್ಲ' ಎಂದಿರಿ. ಇನ್ನೊಂದು ಹೊದಿಕೆ ಎಳೆದುಕೊಂಡು, 'ನಿನ್ನ ಕಾಲು ನಾನೇ ತೆಗೆದೆ, ಅದು ಗೊತ್ತು ನನಗೆ' ಎಂದಿರಿ.

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಉಳಿಸಿಕೊಳ್ಳಲು ಅಷ್ಟು ದೊಡ್ಡದನ್ನು ಬಿಟ್ಟುಕೊಟ್ಟಿರಲಿಲ್ಲ. ಬಿಟ್ಟುಕೊಟ್ಟದ್ದು ನನ್ನದೇ ಕಾಲು ಎಂಬುದು ಬೇರೆ ಮಾತು. ಮನೆಗೆ ವಾಪಸು ಬಂದ ದಿನ ನನ್ನ ಬಟ್ಟೆಗಳನ್ನು ತೆಗೆದು ಕಪಾಟಿಗೆ ಜೋಡಿಸಿದೆ. ನೀವು ಬಾಗಿಲಲ್ಲಿ ನಿಂತು ನೋಡಿದಿರಿ. ಖಾಲಿ ಸೂಟ್‌ಕೇಸಿನಲ್ಲಿ ಹಳೇ ಚಾದರ ಇಡಬಹುದು ಎಂದಿರಿ, ಅಷ್ಟೇ. ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಏನೂ ಇಲ್ಲ. ಇಬ್ಬರೂ ಕೆಲಸಕ್ಕೆ ಹೋದೆವು, ಬಂದೆವು, ಜಗಳವಾಡಿದೆವು, ಉಂಡು ಮಲಗಿದೆವು. ಅಷ್ಟು ಸುಖವಾಗಿದ್ದೆ.

ಕಾಯಿಲೆ ಯಾವಾಗ ಒಳಗೆ ಬಂತೋ ಗೊತ್ತಾಗಲಿಲ್ಲ. ನಿವೃತ್ತಿಯಾದ ಮೇಲೆ ಒಂದೆರಡು ಸಲ ಅಂಗಡಿಗೆ ಹೋದವರು ಏನೂ ತರದೆ ಬಂದಿರಿ, ನಾನು ತಮಾಷೆ ಮಾಡಿದೆ. ನ್ಯೂಸ್ ಪೇಪರನ್ನು ಹೊದಿಕೆಯಂತೆ ಮಡಿಸಿಟ್ಟಿರಿ, ಅದಕ್ಕೂ ನಕ್ಕೆ. ಒಂದು ಬೆಳಿಗ್ಗೆ ಟೀ ಕೊಟ್ಟಾಗ, 'ನಿಮಗೆ ಯಾಕೆ ತೊಂದರೆ, ಕೂತ್ಕೊಳ್ಳಿ' ಎಂದಿರಿ. ಏನೇ, ಬಾರೇ, ಹೋಗೇ ಎಂದು ಗದರುತ್ತಿದ್ದ ನಾಲಿಗೆಯಲ್ಲಿ 'ನಿಮಗೆ' ಕೇಳಿ ಟೀ ಬಸಿಗೆ ಚೆಲ್ಲಿದೆ. ಅವತ್ತು ಮೊದಲ ಸಲ ಬೈಸಿಕೊಳ್ಳುವ ಆಸೆಯಾಯಿತು ಅತ್ತಿಗೆ. ಬೇಕೆಂದೇ ಒಂದು ಲೋಟ ಬೀಳಿಸಿದೆ. ನೀವು ಪರವಾಗಿಲ್ಲ ಬಿಡಿ ಎಂದು ನಕ್ಕಿರಿ.

ಈಚೆಗೆ ಒಂದು ದಿನ ನನ್ನ ಟವೆಲ್ಲು ಸಿಗಲಿಲ್ಲ. ಹುಡುಕಿದರೆ ಕಪಾಟಿನ ಮೇಲಿನ ಖಾನೆಯಲ್ಲಿ, ನೆಂಟರಿಗೆಂದು ಇಡುವ ಟವೆಲ್ಲುಗಳ ಜೊತೆ ಇತ್ತು. ಮೂಲೆಯ ಹಸಿರು ದಾರವನ್ನು ನೀವು ಸೂಜಿಯಿಂದ ಒಂದೊಂದೇ ಎಳೆ ಬಿಡಿಸಿ ತೆಗೆದಿದ್ದಿರಿ. ಬಟ್ಟೆಗೆ ಒಂದು ನೂಲಿನಷ್ಟೂ ಪೆಟ್ಟಾಗಿರಲಿಲ್ಲ. ನಿಮ್ಮ ಕೈ ಇನ್ನೂ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ನಾನು ಅದೇ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕ್ಲಿನಿಕ್ಕಿಗೆ ಬಂದೆ, ಯಾರಿಗೂ ಹೇಳಲಿಲ್ಲ.

ಇನ್ನು ನಿನ್ನೆಯದು. ಏಜೆಂಟಮ್ಮ ನಮ್ಮ ಸೋಫಾದ ತುದಿಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಅವರ ಒಂದು ಮುಂದಿನ ಹಲ್ಲು ಹುಳುಕಾಗಿತ್ತು, ನನ್ನ ಗಮನವೆಲ್ಲ ಅಲ್ಲೇ. ಸಾಮಾನಿಗೆ ಎರಡು ರೀತಿ ಕೊಡುತ್ತಾರಂತೆ. ಬಳಸಿ ಹಳೆಯದಾದ ಮೇಲೆ ಉಳಿದ ಬೆಲೆ ಒಂದು, ಅದೇ ವಸ್ತುವನ್ನು ಇವತ್ತು ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವ ಬೆಲೆ ಇನ್ನೊಂದು. ಎರಡನೆಯದಕ್ಕೆ ಕಂತು ಹೆಚ್ಚು. ನೀವು ಈವರೆಗೆ ಎರಡನೆಯದನ್ನೇ ಇಟ್ಟುಕೊಂಡು ಬಂದಿದ್ದಿರಂತೆ, ಹಾಗೇ ಇರಲಿ ಎಂದೆ. ಬೆಂಕಿ, ಬಿರುಗಾಳಿ, ಕಳ್ಳತನ, ಪೈಪು ಒಡೆಯುವುದು ಸೇರಿದೆ. ಪ್ರವಾಹಕ್ಕೂ ಭೂಕಂಪಕ್ಕೂ ಬೇರೆ ಪಾಲಿಸಿ ಬೇಕು. ಕೊನೆಗೆ ಏನೇನು ಬರುವುದಿಲ್ಲ ಎಂಬುದನ್ನು ಓದಿದರು. ಸವೆತ, ತುಕ್ಕು, ಗೆದ್ದಲು, ನಿಧಾನವಾಗಿ ಆಗುವ ಯಾವ ಹಾನಿಗೂ ಇಲ್ಲ. ಯಾಕೆ ಎಂದು ಕೇಳಿದೆ. ಹಾಳಾಗಿದ್ದು ಹಾಳಾಗಿದ್ದೇ ತಾನೇ, ಬೇಗವಾದರೇನು, ನಿಧಾನವಾದರೇನು ಎಂದೆ. 'ನಿಧಾನಕ್ಕೆ ಆಗೋದು ಮನೆಯವರ ಕಣ್ಣಿಗೆ ಬೀಳಬೇಕಿತ್ತಲ್ವಾ ಮೇಡಂ, ಮೊದಲೇ ನೋಡ್ಕೋಬೇಕಿತ್ತು ಅಂತಾರೆ' ಎಂದರು.

ಟೀ ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ. ಕುಕ್ಕರಿನ ಮುಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವರು ನಿಮ್ಮ ವಿಷಯ ಹೇಳಲಿಲ್ಲ, ಗೆದ್ದಲಿನ ವಿಷಯ ಹೇಳಿದರು, ನನಗೆ ಗೊತ್ತು. ಆದರೆ ಪೇಪರು ಮಡಿಸಿದ ದಿನ ನಾನು ನಗದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರೆ? ಬೇಗ ಬಂದಿದ್ದರೂ ತಡೆಯಲಾಗುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರೇ ಹೇಳಿದ್ದಾರೆ. ಆ ಮಾತು ಕಿವಿಯ ತನಕ ಬರುತ್ತದೆ, ಅಲ್ಲಿಂದ ಒಳಗೆ ಇಳಿಯುವುದಿಲ್ಲ.

ಟೀ ಹಿಡಿದು ಬಂದಾಗ ಏಜೆಂಟಮ್ಮ ನಿಮ್ಮನ್ನು ಕೇಳುತ್ತಿದ್ದರು (ಪಾಲಿಸಿ ಇರುವುದು ನಿಮ್ಮ ಹೆಸರಿನಲ್ಲಲ್ಲವೇ), ಮನೆಯವರು ಎಷ್ಟು ಜನ ಎಂದು. ನೀವು ನೆಟ್ಟಗೆ ಕೂತು, ಆಫೀಸಿನ ದನಿಯಲ್ಲಿ, ನಾನು, ನಮ್ಮ ಯಜಮಾನರು ಎಂದಿರಿ. ಹಾಗಾದರೆ ಇವರು ಎಂದು ಅವರು ನನ್ನ ಕಡೆ ನೋಡಿದಾಗ ನೀವು ಹೇಳಿದ ಮಾತನ್ನು ಮೇಲೇ ಬರೆದೆ. ಏಜೆಂಟಮ್ಮ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ಪಾಪ, ಅವರಿಗೆ ಆಗಲೇ ಅರ್ಥವಾಗಿತ್ತು, ಏನು ಬರೆಯಲಿ ಎಂದು ಮೆಲ್ಲಗೆ ಕೇಳಿದರು.

ನಾನು ಅಣ್ಣ ಇಲ್ಲವೆಂದೆ. ಆಮೇಲೆ, 'ನಾನು ಈ ಮನೆಯವಳು. ಹಾಗೇ ಬರ್ಕೊಳ್ಳಿ' ಎಂದೆ.

ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು ಅತ್ತಿಗೆ. ಕಪಾಟಿನಲ್ಲಿ ಬಟ್ಟೆ ಜೋಡಿಸಿದ ದಿನವೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ, ನನ್ನ ಪರವಾಗಿ ಹೇಳಲು ನೀವಿದ್ದಿರಿ. ನಿನ್ನೆ ನಾನೇ ಹೇಳಬೇಕಾಯಿತು, ಅದೂ ನಿಮ್ಮ ಮಾತಿಗೆ ಎದುರಾಗಿ, ನಿಮ್ಮ ಮುಂದೆಯೇ. ನೀವು ಹುಬ್ಬು ಗಂಟಿಕ್ಕಿ ನನ್ನನ್ನು ದಿಟ್ಟಿಸಿದಿರಿ. ಏಜೆಂಟಮ್ಮನ ಕಡೆ ಬಗ್ಗಿ, ಇವರು ಒಳ್ಳೆಯವರೇ, ಆದರೆ ಒಂದೊಂದು ಸಲ ಹೀಗೆಲ್ಲ ಹೇಳುತ್ತಾರೆ ಎಂದು ಪಿಸುಗುಟ್ಟಿದಿರಿ. ಅವರು ತಲೆ ತಗ್ಗಿಸಿ ಟೀ ಕುಡಿದರು.

ಸಂಜೆ ನಾನು ಒಣಗಿದ ಬಟ್ಟೆ ತಂದು ಮಂಚದ ಮೇಲೆ ರಾಶಿ ಹಾಕಿದೆ. ನೀವು ಎದುರಿಗೆ ಬಂದು ಕೂತು ಮಡಿಸತೊಡಗಿದಿರಿ. ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ನನಗೆ ನೋವಾಗಬಾರದೆಂಬಂತೆ ದನಿ ತಗ್ಗಿಸಿ, ಕತ್ತಲಾಗುತ್ತಿದೆಯಲ್ಲ, ನಿಮಗೆ ಹೋಗಲು ಎಲ್ಲಾದರೂ ಇದೆಯೇ ಎಂದು ಕೇಳಿದಿರಿ. ಇಲ್ಲ ಎಂದೆ. ಸುಳ್ಳೇನೂ ಅಲ್ಲವಲ್ಲ.

'ಹಾಗಾದ್ರೆ ಇಲ್ಲೇ ಇದ್ದುಬಿಡಿ. ಆ ರೂಮು ಖಾಲಿ ಇದೆ. ನಮ್ಮ ನಾದಿನೀದು.'

ಅವರೆಲ್ಲಿ ಎಂದು ಕೇಳಿದೆ. ಯಾಕೆ ಕೇಳಿದೆನೋ, ಕೇಳಬಾರದಿತ್ತು. ನಿಮ್ಮ ಕೈ ನಿಂತಿತು. 'ಹೊರಟುಹೋದಳು ಅನ್ಸತ್ತೆ. ಅವಳಿಗೆ ಮೊದಲಿಂದ ಹೊರಡೋ ಆತುರ. ನಾನು ಕೆಲಸ ಮುಗಿಸಿ ಬರುವಾಗ ದಿನಾ ಬೀದಿ ತಿರುವಿನಲ್ಲಿ ನಿಂತು ನೋಡ್ತಿದ್ದೆ, ಮನೇಲಿ ದೀಪ ಇದೆಯಾ ಅಂತ. ಇದ್ರೆ, ಸದ್ಯ, ಇವತ್ತು ಹೋಗಿಲ್ಲ ಅಂತ ಅಂದ್ಕೊಂಡು ಬರ್ತಿದ್ದೆ. ನನಗೆ ಒಬ್ಬಳೇ ಇರೋಕೆ ಭಯ. ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.'

ಇಷ್ಟು ವರ್ಷ ಒಂದೇ ಚಾವಣಿಯ ಕೆಳಗಿದ್ದು ನೀವು ನನಗೆ ಹೇಳದ ಮಾತನ್ನು ಯಾರೋ ಗೊತ್ತಿಲ್ಲದ ಹೆಂಗಸಿಗೆ ಹೇಳಿದಿರಿ. ಆ ಹೆಂಗಸು ನಾನೇ ಆಗಿದ್ದೆ, ಅದು ನನ್ನ ಪುಣ್ಯವೋ ಕರ್ಮವೋ. ಅವಳು ಹೋಗಿಲ್ಲ, ಇಲ್ಲೇ ಇದ್ದಾಳೆ ಎಂದೆ. ನೀವು ನನ್ನ ಕೈ ತಟ್ಟಿದಿರಿ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಿರೆಂದು ನಿಮ್ಮ ಮುಖದಲ್ಲೇ ಕಂಡಿತು. ಮತ್ತೆ ಮಡಿಸಲು ಶುರುಮಾಡಿದಿರಿ.

ಇವತ್ತು ಸಂಜೆಯೂ ಕೇಳುತ್ತೀರಿ, ಇದ್ದುಬಿಡುತ್ತೀರಾ ಎಂದು. ಇರುತ್ತೇನೆ ಎನ್ನುತ್ತೇನೆ. ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ. ನೀವು ಕೇಳುವುದನ್ನು ಮರೆತ ದಿನ ನಾನೇ ಕೇಳಿಕೊಂಡು ಇರುತ್ತೇನೆ. ಡಾಕ್ಟರು ಕರೆಯುತ್ತಿದ್ದಾರೆ, ನಿಲ್ಲಿಸುತ್ತೇನೆ.

ಒಂಟಿತನದ ಭಯ ನಿಮ್ಮ ಹತ್ತಿರ ಸುಳಿಯದಿರಲಿ, ಕಣ್ತುಂಬ ನಿದ್ದೆ ಬರಲಿ. ಅವಳು ಹೋಗಿಲ್ಲ ಅತ್ತಿಗೆ.

ನಿಮ್ಮ ನಾದಿನಿ